ಮಡಕೆ ತಟ್ಟುವ ಬೆರಳು

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಮೊದಲು ಬೆಲೆ ಕೇಳುವುದಿಲ್ಲ. ಮಡಕೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾಳೆ. ಸದ್ದು ಖಣ್ ಎಂದರೆ ಚೆನ್ನಾಗಿ ಬೆಂದ ಮಡಕೆ. ಮಂಕಾಗಿ ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಎಂದು ಅದನ್ನು ಕೆಳಗಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾಳೆ. ಕುಂಬಾರ ಇದನ್ನು ಅವಮಾನವೆಂದು ಎಣಿಸುವುದಿಲ್ಲ. ಎಷ್ಟೋ ಸಲ ಅವನೇ ತಟ್ಟಿ ತೋರಿಸುತ್ತಾನೆ. ದನದ ಜಾತ್ರೆಯಲ್ಲೂ ಹೀಗೇ. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಇದೆಲ್ಲ ಮುಗಿದ ಮೇಲೆಯೇ ದಲ್ಲಾಳಿಯ ಟವೆಲ್ಲಿನೊಳಗೆ ಬೆರಳುಗಳು ಸೇರಿ ವ್ಯಾಪಾರ ಕುದುರುವುದು. ತುಸು ಕುಂಟುವ ಎತ್ತನ್ನು ಕೊಳ್ಳಲೇಬಾರದೆಂದೇನೂ ಇಲ್ಲ, ಕುಂಟಿಗೆ ತಕ್ಕಂತೆ ಬೆಲೆ ಇಳಿಯುತ್ತದೆ ಅಷ್ಟೆ. ಮೊದಲು ನೋಟ, ಆಮೇಲೆ ಮಾತು, ಕೊನೆಗೆ ದುಡ್ಡು. ಈ ಕ್ರಮವನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಲಿಲ್ಲ.

ಮನೆ ಕೊಳ್ಳುವಾಗ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಇಪ್ಪತ್ತು ವರ್ಷದ ಕಂತಿಗೆ ಸಹಿ ಹಾಕಲು ಹೊರಟವರು ಭಾನುವಾರ ಬೆಳಿಗ್ಗೆ ಬ್ರೋಕರ್ ಜೊತೆ ಹೋಗಿ ಅರ್ಧ ಗಂಟೆ ಮನೆ ನೋಡುತ್ತಾರೆ, ಮುಂದಿನ ವಾರ ಹಿರಿಯರನ್ನು ಕರೆತಂದು ಇನ್ನೊಂದು ಅರ್ಧ ಗಂಟೆ. ಅಡುಗೆಮನೆಗೆ ಬೆಳಕಿದೆಯೇ, ದೇವರ ಮನೆ ಎಲ್ಲಿ ಬರುತ್ತದೆ, ಕಾರು ನಿಲ್ಲುತ್ತದೆಯೇ ಎಂಬ ಮಾತುಗಳಾಗುತ್ತವೆ. ಮನಸ್ಸಿಗೆ ಬಂತೆಂದರೆ ಬೆಲೆ ಮಾತು, ‘ಬೇರೆ ಪಾರ್ಟಿ ನಾಳೆ ಬರ್ತಾರೆ ಸಾರ್’ ಎಂಬ ಆತುರ, ಟೋಕನ್ ಅಡ್ವಾನ್ಸು. ಅಲ್ಲಿಂದ ಮುಂದೆ ಕಡತ ವಕೀಲರ ಕೈಗೆ. ಮೂಲಪತ್ರ, ಇಸಿ ಎಂಬ ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ ಎಲ್ಲವನ್ನೂ ಅವರು ಸೋಸಿ ನೋಡುತ್ತಾರೆ. ಅದು ಅಗತ್ಯವಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನಂಬಿಕೆಯುಳ್ಳ ಮನೆತನದವರು ವಾಸ್ತು ಬಲ್ಲವರನ್ನೂ ಕರೆಸುತ್ತಾರೆ. ಹೀಗೆ ಕಾಗದಕ್ಕೊಬ್ಬರು, ದಿಕ್ಕಿಗೊಬ್ಬರು ಪರೀಕ್ಷಕರಿದ್ದಾರೆ. ತಾರಸಿ, ಗೋಡೆ, ಕೊಳವೆ, ತಂತಿ, ಪಾಯ, ಅಂದರೆ ನಿಜವಾಗಿ ನಾವು ವಾಸ ಮಾಡುವ ವಸ್ತುವಿಗೆ ಯಾರೂ ಇಲ್ಲ. ಮನೆಯ ಮೈಯನ್ನು ಬಲ್ಲವರಿಂದ ನೋಡಿಸುವ ಕೆಲಸ ಅಡ್ವಾನ್ಸಿಗಿಂತ ಮೊದಲೇ ಆಗಬೇಕು, ಕಂಡ ದೋಷ ದುರಸ್ತಿಯ ಮಾತಾಗಿ ಉಳಿಯದೆ ಬೆಲೆಯಾಗಿ ಇಳಿಯಬೇಕು ಎಂಬುದು ನನ್ನ ವಾದ. ಮುಂಗಡ ಕೊಡುವ ಮೊದಲು ಕಂಡ ಬಿರುಕಿಗೆ ಒಂದು ಬೆಲೆಯಿರುತ್ತದೆ. ನೋಂದಣಿಯಾದ ಮೇಲೆ ಕಂಡರೆ ಜಗಳವೊಂದೇ ಉಳಿಯುತ್ತದೆ.

ಕಾನೂನು ಕಾಪಾಡುವುದಿಲ್ಲವೇ ಎಂದು ಕೇಳಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಸೆಕ್ಷನ್ ಮಾರುವವರ ಮೇಲೆ ಒಂದು ಹೊಣೆ ಹೊರಿಸಿದೆ: ಸ್ವತ್ತಿನಲ್ಲಿ ತಮಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಮುಖ್ಯವಾದ ದೋಷವನ್ನು ಅವರು ಹೇಳಬೇಕು. ಆದರೆ ಅದೇ ವಾಕ್ಯದ ಬಾಲದಲ್ಲಿ ಇನ್ನೊಂದು ಷರತ್ತಿದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಕೊಳ್ಳುವವರಿಗೇ ಕಾಣಬಹುದಾಗಿದ್ದ ದೋಷಕ್ಕೆ ಆ ಹೊಣೆ ಅನ್ವಯಿಸುವುದಿಲ್ಲ. ತಾರಸಿ ಹತ್ತದೆ ಮನೆ ಕೊಂಡವರು ಆಮೇಲೆ ತಾರಸಿ ಸೋರುತ್ತದೆ ಎಂದು ದೂರಿದರೆ, ‘ಹತ್ತಿ ನೋಡಬಹುದಿತ್ತಲ್ಲ’ ಎಂಬ ಪ್ರಶ್ನೆ ಎದುರಾಗುತ್ತದೆ. ಹೇಳದೆ ಬಚ್ಚಿಟ್ಟ ದೋಷವೆಂದು ವಾದಿಸಲು ಹೊರಟರೆ, ಮಾರಿದವರಿಗೆ ಅದು ಗೊತ್ತಿತ್ತೆಂದು ಸಾಬೀತು ಮಾಡುವ ಭಾರವೂ ಬೆನ್ನಿಗೇರುತ್ತದೆ, ಸಿವಿಲ್ ಕೋರ್ಟಿನ ವರ್ಷಗಳೂ ಜೊತೆಗೆ. ಬಿಲ್ಡರಿಂದ ಕೊಂಡ ಹೊಸ ಫ್ಲಾಟಿನ ಸ್ಥಿತಿ ಇದಕ್ಕಿಂತ ವಾಸಿ. 2016ರ ರೇರಾ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕಾಮಗಾರಿಯಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರು 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಮರುಮಾರಾಟದಲ್ಲಿ ಕೊಂಡವರನ್ನೂ ಆ ಕಾಯ್ದೆಯ ವ್ಯಾಖ್ಯೆ ಒಳಗೊಳ್ಳುತ್ತದೆ, ಆದರೆ ಫ್ಲಾಟು ಕೈ ಬದಲಾಯಿತೆಂದು ಆ 5 ವರ್ಷದ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ನಾಲ್ಕು ವರ್ಷ ಹಳೆಯ ಫ್ಲಾಟು ಕೊಳ್ಳುವವರಿಗೆ ಉಳಿದಿರುವುದು ಒಂದೇ ವರ್ಷ. ಸ್ವಂತ ನಿವೇಶನದಲ್ಲಿ ಯಾರೋ ತಮಗಾಗಿ ಕಟ್ಟಿಕೊಂಡ ಮನೆಗೆ ಈ ಆಸರೆ ಇಲ್ಲವೇ ಇಲ್ಲ. ನಮ್ಮ ಬಡಾವಣೆಗಳಲ್ಲಿ ಕೈ ಬದಲಾಗುವ ಬಿಡಿ ಮನೆಗಳಲ್ಲಿ ಬಹುಪಾಲು ಅಂಥವೇ.

ಹಾಗಾದರೆ ಏನನ್ನು ನೋಡಬೇಕು? ಮೇಲಿನಿಂದ ಕೆಳಕ್ಕೆ, ನೀರು ಇಳಿಯುವ ದಾರಿಯಲ್ಲೇ ನೋಡುವುದು ಒಳ್ಳೆಯದು. ನಮ್ಮ ಕಡೆಯ ಮನೆಗಳ ಕಾಯಿಲೆಗಳಲ್ಲಿ ಹೆಚ್ಚಿನವು ನೀರಿನಿಂದ ಬಂದವು. ತಾರಸಿಯಲ್ಲಿ ನೀರು ನಿಂತು ಒಣಗಿದ ಕಪ್ಪು ಕಲೆ ಇದ್ದರೆ ಇಳಿಜಾರು ಸರಿಯಿಲ್ಲ ಎಂದರ್ಥ. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ, ಟ್ಯಾಂಕಿನ ಕಾಲುಗಳ ಬುಡದಲ್ಲಿ, ಕೊಳವೆ ಸ್ಲ್ಯಾಬನ್ನು ತೂರಿ ಇಳಿಯುವಲ್ಲಿ ಗಾರೆ ಬಿಟ್ಟಿದೆಯೇ ನೋಡಬೇಕು. ಕೆಳಗಿಳಿದು ಅದೇ ಜಾಗಗಳ ಕೆಳಗಿನ ಚಾವಣಿಯನ್ನು ನೋಡಬೇಕು. ಹಳದಿ ಉಂಗುರ, ಬಿಳಿ ಉಪ್ಪಿನ ಪುಡಿ, ಬಣ್ಣದ ಹೊಪ್ಪಳೆ ಇದ್ದರೆ ಮೇಲಿನ ಗುಮಾನಿ ನಿಜವಾದಂತೆ. ಬಚ್ಚಲಿನ ಸೋರಿಕೆಯನ್ನು ಬಚ್ಚಲಿನೊಳಗೆ ಹುಡುಕಿದರೆ ಸಿಗುವುದಿಲ್ಲ, ಅದರ ಗೋಡೆಯ ಆಚೆ ಬದಿಯಲ್ಲಿ ಸಿಗುತ್ತದೆ. ಅಲ್ಲಿ ಸಾಮಾನ್ಯವಾಗಿ ಬಟ್ಟೆಯ ಬೀರು ಇರುತ್ತದೆ. ಅದರ ಬಾಗಿಲು ತೆರೆದು ಮೂಗಿಟ್ಟರೆ ಮುಗ್ಗಲು ವಾಸನೆ ತಾನೇ ಹೇಳುತ್ತದೆ. ನೆಲಮಟ್ಟದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಬಣ್ಣ ಉದುರಿದ್ದರೆ ನೀರು ಮೇಲಿನಿಂದ ಬಂದದ್ದಲ್ಲ; ಪಾಯದ ಮೇಲೆ ತೇವ ತಡೆಯುವ ಪದರ ಹಾಕದೆ ಗೋಡೆ ನೆಲದ ನೀರನ್ನು ಬತ್ತಿಯಂತೆ ಹೀರುತ್ತಿದೆ. ಇದಕ್ಕೆ ಮೇಲೆ ಬಳಿಯುವ ಯಾವ ಬಣ್ಣವೂ ಮದ್ದಲ್ಲ. ಇಡೀ ಮನೆ ಹಳೆಯದಾಗಿದ್ದು ಒಂದು ಗೋಡೆಗೆ ಮಾತ್ರ ಹೊಸ ಪುಟ್ಟಿ, ಹೊಸ ಬಣ್ಣ ಬಿದ್ದಿದ್ದರೆ ಅಲ್ಲೇ ನಿಂತು ಕೇಳಬೇಕು. ನೆಲದ ಟೈಲ್ಸನ್ನು ಐದು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋದರೆ ಕೆಳಗೆ ಗಾರೆ ಹಿಡಿಯದ ಕಡೆ ಪೊಳ್ಳು ಸದ್ದು ಬರುತ್ತದೆ. ಅದೇ ಮಡಕೆಯ ಪರೀಕ್ಷೆ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಸಜ್ಜ ಮತ್ತು ಬಾಲ್ಕನಿಯ ತಳಭಾಗ. ತಲೆಯೆತ್ತಿ ಅಲ್ಲಿ ನೋಡುವವರು ಕಡಿಮೆ. ಕಾಂಕ್ರೀಟಿನೊಳಗಿನ ಕಂಬಿಗೆ ಸಾಕಷ್ಟು ಹೊದಿಕೆ ಇರಬೇಕು. ಒಳನಾಡಿನ ಸಾಮಾನ್ಯ ಹವೆಯಲ್ಲಿ ಸ್ಲ್ಯಾಬಿಗೆ 20 ಮಿ.ಮೀ. ಆಸುಪಾಸು, ಮಂಗಳೂರು ಕಾರವಾರದಂಥ ಕಡಲ ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಎಂದು ಐಎಸ್ 456 ಎಂಬ ನಮ್ಮ ಕಾಂಕ್ರೀಟ್ ಸಂಹಿತೆ ಹೇಳುತ್ತದೆ. ಮೋಲ್ಡ್ ಹಾಕುವ ದಿನ ಕಂಬಿಯ ಕೆಳಗೆ ಬಿಲ್ಲೆ ಇಡದೆ ಕಾಂಕ್ರೀಟು ಸುರಿದಿದ್ದರೆ ಕಂಬಿ ತಳಕ್ಕೆ ಒರಗಿ ನಿಂತಿರುತ್ತದೆ. ಗಾಳಿಯೂ ತೇವವೂ ಅದನ್ನು ಬೇಗ ಮುಟ್ಟುತ್ತವೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒದ್ದು ಕೆಡವುತ್ತದೆ. ಮೊದಲು ಕಂಬಿಯ ಗೆರೆಗುಂಟ ಸಣ್ಣ ಸೀಳು, ಆಮೇಲೆ ಕಂದು ಕಲೆ, ಆಮೇಲೆ ಉದುರುವ ಚಕ್ಕೆ. ಸೀಳಿನ ಹಂತದಲ್ಲಿ ಕಂಡರೆ ಇದು ಸಾವಿರಗಳ ಲೆಕ್ಕ, ಚಕ್ಕೆಯ ಹಂತದಲ್ಲಿ ಲಕ್ಷಗಳದ್ದು. ಚಕ್ಕೆ ಬಿದ್ದ ಜಾಗಕ್ಕೆ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ತುಕ್ಕು ನಿಲ್ಲುವುದಿಲ್ಲ. ಕಂಬಿಯವರೆಗೆ ಒಡೆದು, ಉಜ್ಜಿ, ಲೇಪಿಸಿ, ಬೇಕಾದಲ್ಲಿ ಹೊಸ ಕಂಬಿ ಕೂಡಿಸಿ ಮುಚ್ಚಬೇಕು. ಪರೀಕ್ಷೆಗೆ ಕರೆಸಿದ ಎಂಜಿನಿಯರು ಇಂಥ ಒಂದು ಕಲೆಯನ್ನು ಗುರುತಿಸಿದರೆ ಅವರಿಗೆ ಕೊಟ್ಟ ಶುಲ್ಕ ಅಲ್ಲಿಗೇ ಗಿಟ್ಟಿದಂತೆ.

ಬಿರುಕು ಕಂಡೊಡನೆ ಹೆದರಿ ಓಡಬೇಕಿಲ್ಲ. ಗಾರೆ ಒಣಗುವಾಗ ಬಿದ್ದ ಜೇಡರ ಬಲೆಯಂಥ ಗೆರೆಗಳು, ಕಾಂಕ್ರೀಟು ಕಂಬವೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ನೇರ ನಿಂತ ಸೀಳು, ಇವು ಬಹುತೇಕ ಮನೆಗಳಲ್ಲಿ ಇರುತ್ತವೆ, ಜೀವಕ್ಕೆ ಕುತ್ತಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಾಲುಗಳಲ್ಲಿ ಮೆಟ್ಟಿಲಿನಂತೆ ಇಳಿದು, ಗೋಡೆಯ ಎರಡೂ ಬದಿ ಕಾಣುವ ಬಿರುಕು ಬೇರೆ ಜಾತಿಯದು. ಆ ಗೋಡೆಯ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ ಪಾಯ ಒಂದು ಕಡೆ ಕುಸಿಯುತ್ತಿದೆಯೇ ಎಂದು ಕೇಳಲೇಬೇಕು. ಹುಬ್ಬಳ್ಳಿ, ಗದಗ, ವಿಜಯಪುರ, ರಾಯಚೂರಿನ ಕಡೆ ಈ ಪ್ರಶ್ನೆಗೆ ಇನ್ನೊಂದು ತೊಡಕಿದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಅದರ ಮೇಲೆ ಕೂತ ಹಗುರ ಪಾಯದ ಮನೆ ವರ್ಷವರ್ಷವೂ ಏರಿ ಇಳಿಯುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬುಡ ಅಗಲವಾದ ಗುಂಡಿಕಂಬದ ಪಾಯವನ್ನು ರೂಪಿಸಿತು. ಕೊಳ್ಳುವ ಮನೆಯ ಪಾಯ ಯಾವ ಬಗೆಯದೆಂದು ತಿಳಿಯಲು ನಕ್ಷೆ ಇರಬೇಕು, ಇಲ್ಲವೇ ಕಟ್ಟಿದವರ ಬಾಯಿಮಾತು. ಎರಡೂ ಇಲ್ಲವಾದರೆ ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ಕೆಲವು ವಾರ ಕಾಯುವ ಹಳೆಯ ಉಪಾಯವಿದೆ. ಗಾಜು ಒಡೆದರೆ ಬಿರುಕು ಇನ್ನೂ ನಡೆಯುತ್ತಿದೆ. ಅಷ್ಟು ವಾರ ಬಿಟ್ಟುಕೊಡಲು ಒಪ್ಪುವ ಮಾರಾಟಗಾರರು ಕಡಿಮೆ, ಆದರೆ ಕೇಳುವುದರಲ್ಲಿ ತಪ್ಪಿಲ್ಲ.

ತಂತಿ, ಕೊಳವೆಗಳ ವಿಚಾರವನ್ನು ಬೇಗ ಮುಗಿಸಬಹುದು. ಮನೆಯ ಎಲ್ಲ ದೀಪ, ಫ್ಯಾನು, ಗೀಸರನ್ನು ಒಟ್ಟಿಗೆ ಹಾಕಿಸಬೇಕು. ಅರ್ತಿಂಗ್ ಇದೆಯೇ, ಬೋರ್ಡಿನಲ್ಲಿ 30 ಮಿಲಿಆಂಪಿಗೆ ಕಡಿಯುವ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟು ಹೋಗುತ್ತದೆಯೇ ನೋಡಬೇಕು. ಬೆಳಿಗ್ಗೆ ಮೊದಲು ಬಿಟ್ಟ ನಲ್ಲಿಯ ನೀರು ಕೆಂಪಾಗಿ ಬಂದರೆ ಗೋಡೆಯೊಳಗಿನ ಹಳೆಯ ಕಬ್ಬಿಣದ ಕೊಳವೆ ಒಳಗೇ ಸವೆಯುತ್ತಿದೆ. ರಾತ್ರಿ ಸಂಪಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಳಬರುವ ವಾಲ್ವ್ ಮುಚ್ಚಿ, ಬೆಳಿಗ್ಗೆ ಮತ್ತೆ ನೋಡಿದರೆ ಸಂಪು ಸೋರುವುದು ತಿಳಿಯುತ್ತದೆ. ಬೋರ್‌ವೆಲ್ ಇದೆ ಎಂಬ ಮಾತಿಗೆ ಬೆಲೆ ಕಟ್ಟಬಾರದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿದ್ದು ಎಲ್ಲರಿಗೂ ನೆನಪಿದೆ. ಒಂದು ಗಂಟೆ ಬಿಡದೆ ಓಡಿಸಿ ನೀರಿನ ಧಾರೆ ಸಣ್ಣದಾಗುತ್ತದೆಯೇ ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಅದೇ ನಗರದ ಪೂರ್ವಭಾಗದ ಬಡಾವಣೆಗಳಿಗೆ ದೋಣಿ, ಟ್ರ್ಯಾಕ್ಟರು ಹೋದದ್ದೂ ನೆನಪಿರಬೇಕು. ಪಕ್ಕದ ಮನೆಯವರನ್ನೂ ಎದುರಿನ ಅಂಗಡಿಯವರನ್ನೂ ‘ಮಳೆ ಬಂದ್ರೆ ಇಲ್ಲಿ ನೀರು ಎಲ್ಲಿವರೆಗೆ ನಿಲ್ಲುತ್ತೆ?’ ಎಂದು ಕೇಳಿದರೆ ಯಾವ ದಾಖಲೆಯೂ ಹೇಳದ ಸತ್ಯ ಸಿಗುತ್ತದೆ.

ಇದಕ್ಕೆಲ್ಲ ಪರಿಚಯದ ಮೇಸ್ತ್ರಿಯನ್ನೇ ಕರೆದೊಯ್ದರೆ ಸಾಲದೇ ಎನ್ನುವವರಿದ್ದಾರೆ. ಒಳ್ಳೆಯ ಮೇಸ್ತ್ರಿಯ ಕಣ್ಣನ್ನು ನಾನು ಹಗುರವಾಗಿ ಕಾಣುವುದಿಲ್ಲ. ತೇವದ ಮೂಲವನ್ನು ಅವನಷ್ಟು ಬೇಗ ಹಿಡಿಯುವ ಎಂಜಿನಿಯರುಗಳು ಕಡಿಮೆ. ಆದರೆ ಅವನಿಗೆ ಮುಂದೆ ಆ ಮನೆಯ ದುರಸ್ತಿ ಕೆಲಸ ಸಿಗುವ ಸಂಭವವಿದೆ, ಹಾಗಾಗಿ ಅವನ ಅಂದಾಜಿನಲ್ಲಿ ಅವನ ಕೂಲಿಯೂ ಕೂತಿರುತ್ತದೆ. ಕಂಬ, ತೊಲೆಗಳ ಸತ್ವವನ್ನು ಅಳೆಯುವ ರೀಬೌಂಡ್ ಹ್ಯಾಮರಿನಂಥ ಸಾಧನ ಅವನ ಬಳಿ ಇರುವುದಿಲ್ಲ. ಅವನ ಮಾತು ಕರಾರಿಗೆ ಲಗತ್ತಿಸಬಹುದಾದ ಕಾಗದವಾಗುವುದೂ ಇಲ್ಲ. ಆದ್ದರಿಂದ ಇಬ್ಬರೂ ಬೇಕು. ಎಂಜಿನಿಯರು ಬರೆದು ಸಹಿ ಹಾಕಲಿ, ಮೇಸ್ತ್ರಿ ಜೊತೆಗಿರಲಿ. ಇಬ್ಬರಿಗೂ ಕೊಳ್ಳುವವರೇ ದುಡ್ಡು ಕೊಡಲಿ. ಬ್ರೋಕರ್ ಕರೆತಂದವರು ಬೇಡ. ಮಾರಾಟ ನಡೆದರೆ ಮಾತ್ರ ಬ್ರೋಕರಿಗೆ ಕಮಿಷನ್ ಹುಟ್ಟುವುದು, ಅವರು ಎಷ್ಟೇ ಒಳ್ಳೆಯವರಾದರೂ ಈ ಒಂದು ಕೆಲಸಕ್ಕೆ ಅವರ ಆಯ್ಕೆ ಸಲ್ಲದು.

‘ಲೋನ್ ಕೊಡುವ ಬ್ಯಾಂಕಿನವರು ಎಂಜಿನಿಯರನ್ನು ಕಳಿಸುತ್ತಾರಲ್ಲ’ ಎಂಬ ಸಮಾಧಾನ ಇನ್ನೂ ದೊಡ್ಡ ಮೋಸಕ್ಕೆ ದಾರಿ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಅಳತೆ, ನಕ್ಷೆ, ಕಟ್ಟಡದ ವಯಸ್ಸು, ಸುತ್ತಲಿನ ದರ. ಸಾಲ ತೀರದಿದ್ದರೆ ಈ ಸ್ವತ್ತನ್ನು ಮಾರಿ ತನ್ನ ಹಣ ವಸೂಲಾದೀತೇ ಎಂಬುದಷ್ಟೇ ಬ್ಯಾಂಕಿನ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ನೂರಕ್ಕೆ 80 ಭಾಗವನ್ನು ಮೀರುವಂತಿಲ್ಲ. 80 ಲಕ್ಷದ ಮನೆಗೆ ಹೆಚ್ಚೆಂದರೆ 64 ಲಕ್ಷ ಸಾಲ, ಉಳಿದ 16 ಲಕ್ಷ ಕೊಳ್ಳುವವರ ಕೈಯಿಂದ. ಆ ಮನೆಯಲ್ಲಿ 5 ಲಕ್ಷದ ದುರಸ್ತಿ ಅಡಗಿದೆ ಎನ್ನಿ. ಮನೆಯ ನಿಜ ಬೆಲೆ 75 ಲಕ್ಷಕ್ಕೆ ಇಳಿದರೂ 64 ಲಕ್ಷ ಕೊಟ್ಟ ಬ್ಯಾಂಕಿಗೆ ಕೂದಲೂ ಕೊಂಕುವುದಿಲ್ಲ. ಆ 5 ಲಕ್ಷ ಪೂರ್ತಿ ಬೀಳುವುದು ಕೊಳ್ಳುವವರ 16 ಲಕ್ಷದ ಮೇಲೆ, ಅಂದರೆ ಹತ್ತಿರಹತ್ತಿರ ಮೂರರಲ್ಲಿ ಒಂದು ಪಾಲು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳೂ ಅದೇ ಕೈಯಿಂದಲೇ ಹೋಗಿರುತ್ತವೆ. ಗೃಹಪ್ರವೇಶವಾದ ಮೊದಲ ಮಳೆಗಾಲದಲ್ಲಿ ತಾರಸಿ ಸೋರಿದಾಗ ಮನೆಯಲ್ಲಿ ಉಳಿತಾಯವೆಂಬುದು ಉಳಿದೇ ಇರುವುದಿಲ್ಲ. ಹೆಚ್ಚು ಬಡ್ಡಿಯ ಪರ್ಸನಲ್ ಲೋನ್ ಹುಟ್ಟುವುದು ಆಗಲೇ. ಬ್ಯಾಂಕು ನೋಡಿದ್ದು ತನ್ನನ್ನು, ನಮ್ಮನ್ನಲ್ಲ.

ಇನ್ನೊಂದು ಆಕ್ಷೇಪ ನಿಜಕ್ಕೂ ತೂಕವುಳ್ಳದ್ದು. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ದುಡ್ಡು ಹೋಗುವುದು ನಿವೇಶನಕ್ಕೆ, ಮೇಲಿನ ಕಟ್ಟಡಕ್ಕೆ ಲೆಕ್ಕವೇ ಇಲ್ಲ, ಬಿರುಕಿನ ಬಗ್ಗೆ ಚೌಕಾಸಿ ಮಾಡುವುದರಲ್ಲಿ ಅರ್ಥವೇನು ಎಂಬುದು. ಕೆಡವಿ ಕಟ್ಟುವವರ ಮಟ್ಟಿಗೆ ಇದನ್ನು ನಾನು ಒಪ್ಪುತ್ತೇನೆ. ಅವರು ಮಣ್ಣು, ನೀರು, ರಾಜಕಾಲುವೆ ಎಷ್ಟು ದೂರ ಎಂಬುದನ್ನು ನೋಡಿಕೊಂಡರೆ ಸಾಕು. ಆದರೆ ಕೆಡವುವ ಶಕ್ತಿಯಿಲ್ಲದೆ ಆ ಮನೆಯಲ್ಲೇ ಹತ್ತು ಹದಿನೈದು ವರ್ಷ ಬಾಳಬೇಕಾದ ಕುಟುಂಬಕ್ಕೆ ನಿವೇಶನದ ಬೆಲೆ ಏರಿದ್ದು ಮಳೆಯಲ್ಲಿ ಕೊಡೆಯಾಗುವುದಿಲ್ಲ. ಕೆಡವುವವರ ತರ್ಕವನ್ನು ಬಾಳುವವರು ಎರವಲು ಪಡೆಯಬಾರದು. ಫ್ಲಾಟಿನಲ್ಲಂತೂ ಈ ಆಕ್ಷೇಪ ನಿಲ್ಲುವುದೇ ಇಲ್ಲ. ಅಲ್ಲಿ ನೆಲದ ಅವಿಭಜಿತ ಪಾಲು ಸಣ್ಣದು, ನಾವು ಕೊಳ್ಳುವುದೆಲ್ಲ ಕಟ್ಟಡವನ್ನೇ. ಜೊತೆಗೆ ನಮ್ಮ ಚಾವಣಿ ಮೇಲಿನವರ ಬಚ್ಚಲ ನೆಲವಾಗಿರುತ್ತದೆ. ಅಲ್ಲಿ ಸೋರಿದರೆ ದುರಸ್ತಿಗೆ ಅವರು ಬಾಗಿಲು ತೆರೆಯಬೇಕು, ನಿವಾಸಿಗಳ ಸಂಘ ನಡುವೆ ನಿಲ್ಲಬೇಕು. ಆದ್ದರಿಂದ ಫ್ಲಾಟು ನೋಡುವವರು ಸಂಘದ ಕಳೆದ ಎರಡು ಮೂರು ವಾರ್ಷಿಕ ಸಭೆಗಳ ನಡಾವಳಿಯನ್ನೂ ಕೇಳಿ ಓದಬೇಕು. ಹೊರಗೋಡೆಯ ಸೋರಿಕೆ, ಲಿಫ್ಟಿನ ಬದಲಾವಣೆ, ಕೊಳಚೆ ನೀರು ಶುದ್ಧಿ ಮಾಡುವ ಎಸ್‌ಟಿಪಿ ಕೆಟ್ಟದ್ದು, ದುರಸ್ತಿ ನಿಧಿಯಲ್ಲಿ ಎಷ್ಟಿದೆ, ಮನೆಮನೆಗೆ ಎಷ್ಟು ವಂತಿಗೆ ಬೀಳಲಿದೆ, ಎಲ್ಲವೂ ಅಲ್ಲಿರುತ್ತದೆ.

ಇಷ್ಟೆಲ್ಲ ನೋಡುತ್ತ ಕೂತರೆ ಮನೆ ಬೇರೆಯವರ ಪಾಲಾಗುತ್ತದೆ ಎಂಬ ಭಯ ಸುಳ್ಳಲ್ಲ. ಬೇಡಿಕೆ ಹೆಚ್ಚಿರುವ ಬಡಾವಣೆಗಳಲ್ಲಿ ಒಳ್ಳೆಯ ಮನೆ ಬಹಳ ದಿನ ಕಾಯುವುದಿಲ್ಲ. ಇದಕ್ಕೆ ಪರಿಹಾರ ನಮ್ಮ ರೂಢಿಯಲ್ಲೇ ಇದೆ. ದಾಖಲೆಗಳು ವಕೀಲರಿಗೆ ಒಪ್ಪಿಗೆಯಾಗದಿದ್ದರೆ ಮುಂಗಡ ವಾಪಸ್ ಎಂಬ ಮಾತನ್ನು ಟೋಕನ್ ರಸೀದಿಯಲ್ಲಿ ಬರೆಸಿಕೊಳ್ಳುವುದನ್ನು ಮಾರುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಬೇಕಷ್ಟೆ: ಹತ್ತು ದಿನದೊಳಗೆ ಎಂಜಿನಿಯರಿಂದ ಕಟ್ಟಡದ ಪರೀಕ್ಷೆ, ಅದರ ಮೇಲೆ ಬೆಲೆಯ ಮಾತು, ಹೊಂದದಿದ್ದರೆ ಟೋಕನ್ ವಾಪಸ್. ಸಣ್ಣ ಟೋಕನ್ ಮನೆಯನ್ನು ಹಿಡಿದಿಡುತ್ತದೆ, ದೊಡ್ಡ ಅಡ್ವಾನ್ಸು ನಮ್ಮನ್ನು ಹಿಡಿದಿಡುತ್ತದೆ. ಆ ಸಾಲು ಬರೆಯಲು ಮಾರುವವರು ಒಪ್ಪದಿದ್ದರೆ ಅದೂ ಪರೀಕ್ಷೆಯ ಒಂದು ಫಲಿತಾಂಶವೇ. ಸ್ಕಾಟ್ಲೆಂಡಿನಲ್ಲಿ ಈ ಇಕ್ಕಟ್ಟನ್ನು ಬೇರೆ ರೀತಿ ಬಿಡಿಸಿದರು. ಒಂದೇ ಮನೆಗೆ ನಾಲ್ಕಾರು ಜನ ಪ್ರತ್ಯೇಕವಾಗಿ ಪರೀಕ್ಷೆಗೆ ಖರ್ಚು ಮಾಡಿ, ಒಬ್ಬರಿಗೆ ಮಾತ್ರ ಮನೆ ದಕ್ಕಿ, ಉಳಿದವರ ಖರ್ಚು ನೀರುಪಾಲಾಗುತ್ತಿತ್ತು. 2008ರ ಡಿಸೆಂಬರಿನಿಂದ, ಹಳೆಯ ಮನೆ ಮಾರುವವರೇ ಸರ್ವೇಯರಿಂದ ವರದಿ ಮಾಡಿಸಿಟ್ಟುಕೊಂಡು ಮಾರಾಟಕ್ಕಿಡಬೇಕು ಎಂದಾಯಿತು. ಮನೆಯ ಒಂದೊಂದು ಭಾಗಕ್ಕೂ ಅದರಲ್ಲಿ 1, 2, 3 ಎಂಬ ಅಂಕ: ಸದ್ಯ ಏನೂ ಬೇಡ, ಮುಂದೆ ನೋಡಬೇಕು, ಈಗಲೇ ಆಗಬೇಕು. ಕುಂಬಾರನೇ ಮಡಕೆ ತಟ್ಟಿ ತೋರಿಸುವ ಪದ್ಧತಿ ಇದು. ನಮ್ಮಲ್ಲಿ ಅಂಥ ಕಾನೂನು ಬರಲಿ ಎಂದು ಹಾರೈಸುತ್ತೇನೆ. ಬರುವವರೆಗೆ ಆ ಮೂರು ಅಂಕಗಳನ್ನಾದರೂ ನಾವು ಎರವಲು ತರಬಹುದು.

ಆ ಅಂಕಗಳ ಉಪಯೋಗ ತಿಳಿಯುವುದು ಬೆಲೆಯ ಮಾತಿಗೆ ಕೂತಾಗ. ಇಪ್ಪತ್ತು ವರ್ಷದ ಮನೆಗೆ ಇಪ್ಪತ್ತು ವರ್ಷದ ಸವಕಳಿ ಇದ್ದೇ ಇರುತ್ತದೆ, ಅದು ಕೇಳಿದ ಬೆಲೆಯೊಳಗೇ ಸೇರಿರುತ್ತದೆ. ಸವೆದ ನಲ್ಲಿ, ಬಣ್ಣ ಮಾಸಿದ ಗೇಟು, ಬಿಗಿಯಾದ ಚಿಲಕ ಎಲ್ಲವನ್ನೂ ಪಟ್ಟಿಗೆ ಏರಿಸಿ ನಲವತ್ತು ಅಂಶ ಮುಂದಿಟ್ಟರೆ ಅವುಗಳ ನಡುವೆ ಸಜ್ಜದ ತುಕ್ಕೂ ಕಳೆದುಹೋಗುತ್ತದೆ, ಮಾರುವವರ ಮನಸ್ಸೂ ಮುರಿಯುತ್ತದೆ. ಅವರಲ್ಲಿ ಅನೇಕರು ನಿವೃತ್ತಿಯ ಹಣದಲ್ಲಿ ಕಟ್ಟಿಸಿ, ಮಕ್ಕಳು ದೂರ ಹೋದ ಮೇಲೆ ಮೆಟ್ಟಿಲು ಹತ್ತಲಾರದೆ ಮಾರುತ್ತಿರುವ ಹಿರಿಯರು. ಅವರೆದುರು ಅವರ ಮನೆಯನ್ನು ಹೀಗಳೆಯುವುದು ಚೌಕಾಸಿಯಲ್ಲ. ಈಗಲೇ ಆಗಬೇಕಾದ ಮೂರು ನಾಲ್ಕು ದೋಷ, ಅವುಗಳ ಫೋಟೊ, ಅವುಗಳಿಗೆ ಇಬ್ಬರು ಕೆಲಸಗಾರರಿಂದ ಬರೆಸಿದ ಅಂದಾಜು, ಇಷ್ಟೇ ಮೇಜಿನ ಮೇಲಿರಲಿ. ಅಂದಾಜು ಪ್ರಾಮಾಣಿಕವಾಗಿರಲಿ. ಒಂದೂವರೆ ಲಕ್ಷದ ಕೆಲಸಕ್ಕೆ ಆರು ಲಕ್ಷದ ಚೀಟಿ ಬರೆಸಿ ತರುವವರಿಗೂ ತೇವದ ಗೋಡೆಗೆ ಬಣ್ಣ ಬಳಿದು ತೋರಿಸುವವರಿಗೂ ನಾನು ಭೇದ ಕಾಣೆ. ಸತ್ಯವಾದ ಅಂದಾಜನ್ನು ಎದುರಿನವರು ಬೇಕಾದರೆ ತಮ್ಮ ಮೇಸ್ತ್ರಿಯಿಂದ ತಾಳೆ ನೋಡಬಹುದು. ಮಾತು ಅರ್ಧದಾರಿಯಲ್ಲಿ ಕೂಡಿಕೊಳ್ಳುವುದು ಅಂಥ ಕಾಗದದ ಮೇಲೆ.

ಆಗ ಸಾಮಾನ್ಯವಾಗಿ ಬರುವ ಉತ್ತರ, ‘ಅದೆಲ್ಲ ನಾವೇ ಸರಿ ಮಾಡಿಸಿ ಕೊಡ್ತೀವಿ ಬಿಡಿ.’ ಸದ್ಭಾವದಿಂದಲೇ ಬರುವ ಮಾತು. ಆದರೂ ಒಪ್ಪಬಾರದು. ಬಿಟ್ಟುಹೋಗುವ ಮನೆಗೆ ಯಾರೂ ಹತ್ತು ವರ್ಷ ಬಾಳುವ ದುರಸ್ತಿ ಮಾಡಿಸುವುದಿಲ್ಲ, ನೋಂದಣಿಯ ದಿನದವರೆಗೆ ಬಾಳಿದರೆ ಸಾಕಾಗಿರುತ್ತದೆ. ಡಿಸೆಂಬರಿನಲ್ಲಿ ಮಾಡಿಸಿದ ವಾಟರ್‌ಪ್ರೂಫಿಂಗಿನ ಯೋಗ್ಯತೆ ಜೂನಿನ ಮಳೆಗೆ ಮಾತ್ರ ಗೊತ್ತು, ಅಷ್ಟರಲ್ಲಿ ಹಣ ಸಂದಿರುತ್ತದೆ, ಕ್ರಯಪತ್ರದಲ್ಲಿ ಪೂರ್ತಿ ಹಣ ಮುಟ್ಟಿತೆಂದು ಬರೆದಿರುತ್ತದೆ. ಕೆಟ್ಟ ದುರಸ್ತಿ ದೋಷವನ್ನು ಮುಚ್ಚಿ ಇನ್ನಷ್ಟು ಒಳಕ್ಕೆ ತಳ್ಳುವುದೂ ಉಂಟು. ಆದ್ದರಿಂದ ದುರಸ್ತಿ ನಮ್ಮದು, ಅದರ ಬೆಲೆ ಅವರದು ಎಂದು ವಿನಯದಿಂದ ಹೇಳಿ, ಅಷ್ಟನ್ನು ಕ್ರಯದ ಮೊತ್ತದಲ್ಲಿ ಇಳಿಸಬೇಕು. ಮಾರುವವರ ಹೆಸರಿನಲ್ಲೇ ಆಗಬೇಕಾದ ಕೆಲಸಗಳು ಮಾತ್ರ ಇದಕ್ಕೆ ಹೊರತು. ವಿದ್ಯುತ್ ಮತ್ತು ನೀರಿನ ಬಾಕಿ, ಕಂದಾಯ, ಸಂಘದ ಬಾಕಿ ಮತ್ತು ಅದರ ನಿರಾಕ್ಷೇಪಣಾ ಪತ್ರ, ಮೇಲಿನ ಮನೆಯವರೊಂದಿಗಿನ ಸೋರಿಕೆಯ ತಕರಾರು ಇವನ್ನು ಅವರೇ ಮುಗಿಸಿ ಕೊಡಬೇಕು, ಮುಗಿದ ಮೇಲೆಯೇ ಕ್ರಯಪತ್ರ. ಇಳಿದ ಬೆಲೆ ಕರಾರಿನಲ್ಲೇ ಬರಬೇಕು. ‘ಅಗ್ರಿಮೆಂಟಿನಲ್ಲಿ ಹಳೇ ರೇಟೇ ಇರಲಿ, ರಿಪೇರಿ ದುಡ್ಡು ಕೈಗೆ ಕೊಡ್ತೀವಿ’ ಎಂಬುದಕ್ಕೆ ತಲೆಯಾಡಿಸಿದರೆ ಮುಂದೆ ಕೇಳಲು ಕಾಗದವಿರುವುದಿಲ್ಲ. ಬೆಲೆ ಇಳಿದಷ್ಟೂ ಮುದ್ರಾಂಕ ಶುಲ್ಕ ಇಳಿಯುತ್ತದೆಂದು ಮಾತ್ರ ಎಣಿಸಬೇಡಿ; ಸರ್ಕಾರದ ಮಾರ್ಗಸೂಚಿ ದರ, ಕ್ರಯದ ಮೊತ್ತ ಎರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ ಬೀಳುತ್ತದೆ.

ಕಾಲದ ಬಗ್ಗೆಯೂ ಒಂದು ಮಾತಿದೆ. ಮನೆಗಳು ಹೆಚ್ಚಾಗಿ ಮಾರಾಟಕ್ಕೆ ನಿಲ್ಲುವುದು ಸಂಕ್ರಾಂತಿಯ ನಂತರದ ಒಣ ತಿಂಗಳುಗಳಲ್ಲಿ, ಗೋಡೆಗಳೆಲ್ಲ ನಗುತ್ತಿರುವಾಗ. ಆಷಾಢದಲ್ಲಿ ಶುಭಕಾರ್ಯವಿಲ್ಲವೆಂದು ಮನೆ ವ್ಯವಹಾರವನ್ನು ಮುಟ್ಟದವರು ನಮ್ಮಲ್ಲಿ ಬಹಳ, ಪಿತೃಪಕ್ಷದ ಹದಿನೈದು ದಿನವೂ ಹಾಗೇ. ಮಲೆನಾಡು, ಕರಾವಳಿಗಳಲ್ಲಿ ಮಳೆ ಜಡಿಯುವುದು ಆಷಾಢದಲ್ಲಿ. ಬೆಂಗಳೂರಿಗೆ ಹೆಚ್ಚು ಮಳೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಪಿತೃಪಕ್ಷದ ಆಸುಪಾಸಿನಲ್ಲಿ. ಕೊಳ್ಳಬಾರದೆಂದು ಹಿರಿಯರು ಬಿಟ್ಟ ದಿನಗಳೇ ನೋಡಲು ಎಲ್ಲಕ್ಕಿಂತ ಯೋಗ್ಯವಾದ ದಿನಗಳು. ಆಗ ಪೈಪೋಟಿಯೂ ಕಡಿಮೆ, ಮಾರುವವರಿಗೆ ಮಾತಾಡಲು ಬಿಡುವೂ ಇರುತ್ತದೆ, ಸಂಪ್ರದಾಯ ಮುರಿದ ಕೊರಗೂ ಇಲ್ಲ. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ತಾರಸಿ ನೋಡಿ, ಶ್ರಾವಣದಲ್ಲಿ ಅಡ್ವಾನ್ಸು ಕೊಡಬಹುದು.

‘ಓನರ್ರೇ ನಿಂತು ಕಟ್ಟಿಸಿದ ಮನೆ ಸಾರ್’ ಎಂಬುದು ಪ್ರತಿ ಬ್ರೋಕರಿನ ಬಾಯಲ್ಲೂ ಇರುವ ಮಾತು. ಕೇಳಿ ಕೇಳಿ ಅದರ ತೂಕ ಕಳೆದಿದೆ, ಆದರೆ ಅದು ನಿಜವಾಗಿರುವ ಮನೆಗಳಲ್ಲಿ ಅಪರೂಪದ ತಿಳಿವಳಿಕೆಯೊಂದು ಆ ಹಿರಿಯರ ತಲೆಯಲ್ಲಿದೆ. ಎಂಜಿನಿಯರಿನ ಜೊತೆ ಅವರನ್ನೂ ಕರೆದು, ತಪ್ಪು ಹುಡುಕುವ ದನಿಯಿಲ್ಲದೆ ಒಂದು ಬೆಳಗು ಮನೆ ಸುತ್ತಿದರೆ ಅವರು ತಾವಾಗಿಯೇ ಹೇಳತೊಡಗುತ್ತಾರೆ. ಪಾಯ ತೆಗೆದಾಗ ಈಶಾನ್ಯದಲ್ಲಿ ಬಂಡೆ ಸಿಕ್ಕಿದ್ದು, ನೈರುತ್ಯದಲ್ಲಿ ತುಂಬಿದ ಮಣ್ಣಿದ್ದದ್ದು, ಮೊದಲ ಮಹಡಿಯ ಬಚ್ಚಲಿನ ಕೊಳವೆಯನ್ನು ಆಮೇಲೆ ಬದಲಾಯಿಸಿದ್ದು, ಅಡುಗೆಮನೆಯ ಹಿಂದಿನ ಛೇಂಬರು ಎಲ್ಲಿ ಮುಚ್ಚಿಹೋಗಿದೆ ಎಂಬುದು, ಸಂಪಿನ ಮಗ್ಗುಲಿನ ಎರಡು ವಾಲ್ವ್‌ಗಳಲ್ಲಿ ಕಾವೇರಿಯದು ಯಾವುದು ಬೋರಿನದು ಯಾವುದು ಎಂಬುದು. ಇವು ಯಾವ ಇಸಿಯಲ್ಲೂ ಬರುವುದಿಲ್ಲ, ಯಾವ ನಕ್ಷೆಯಲ್ಲೂ ಇರುವುದಿಲ್ಲ. ಬೆಲೆ ಇಳಿಸಿಕೊಂಡ ಮೇಲೂ ಅವರು ಇದನ್ನೆಲ್ಲ ಹೇಳುವಷ್ಟು ಪ್ರೀತಿ ಉಳಿದಿರಬೇಕು. ಅವರು ಹೇಳುತ್ತ ಹೋದದ್ದನ್ನು ಯಾರಾದರೊಬ್ಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು.